ಸಮಾಧಿಯ ಪಕ್ಕದಲ್ಲಿ ಅಳುವವಳು ಯಾರು? ಅಮೆರಿಕದ ಹಳೆಯ ಸ್ಮರಣಚಿತ್ರಗಳನ್ನು ಓದುವ ಕ್ರಮ

1799ರ ಡಿಸೆಂಬರ್ 14ರ ರಾತ್ರಿ ವರ್ಜೀನಿಯಾದ ಮೌಂಟ್ ವರ್ನನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ತೀರಿಕೊಂಡ. ಫಿಲಡೆಲ್ಫಿಯಾದ ಜೇಮ್ಸ್ ಏಕಿನ್ ಮತ್ತು ವಿಲಿಯಂ ಹ್ಯಾರಿಸನ್ ಎಂಬ ಇಬ್ಬರು ಕೆತ್ತನೆಗಾರರು, ಆತನ ಸಮಾಧಿಯ ಮುಂದೆ ಅಮೆರಿಕ ಎಂಬ ಹೆಂಗಸು ಗೋಳಿಡುವ ಚಿತ್ರವೊಂದನ್ನು ತಾಮ್ರದ ತಗಡಿನಲ್ಲಿ ಕೊರೆದು, ಅಚ್ಚು ಹಾಕಿ ಮಾರಾಟಕ್ಕಿಟ್ಟರು. ಅದರ ಮೇಲಿರುವ ತಾರೀಖು 1800ರ ಜನವರಿ 20. ಸತ್ತು ಇನ್ನೂ ಆರು ವಾರ ತುಂಬಿರಲಿಲ್ಲ. ಮುಂದಿನ ಒಂದೆರಡು ವರ್ಷ ಫಿಲಡೆಲ್ಫಿಯಾ, ಬಾಸ್ಟನ್, ನ್ಯೂಯಾರ್ಕ್‌ಗಳ ಅಚ್ಚಿನ ಅಂಗಡಿಗಳಿಗೆ ಇದೇ ಸರಕು.

ಇಂಥ ಕಾಗದಗಳು ಅಮೆರಿಕದ ಹಲವು ದೊಡ್ಡ ಮ್ಯೂಸಿಯಂಗಳಲ್ಲಿವೆ. ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ನಮ್ಮವರು ಬಣ್ಣದ ತೈಲಚಿತ್ರಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಕಂದುಬಣ್ಣಕ್ಕೆ ತಿರುಗಿದ ಈ ಹಾಳೆಗಳನ್ನು ದಾಟಿ ಮುಂದೆ ಹೋಗುತ್ತಾರೆ. ಹೋಗುವುದು ಸಹಜವೇ, ಒಂದೇ ಹಾಳೆಯಲ್ಲಿ ರೆಕ್ಕೆಯ ಮುದುಕ, ಹದ್ದು, ಹಾವು, ಟೊಪ್ಪಿಗೆ ಸಿಕ್ಕಿಸಿದ ಕೋಲು, ಅಳುವ ಹೆಂಗಸರು ಎಲ್ಲರೂ ಒಟ್ಟಿಗೆ ಎದುರಾದರೆ ಯಾರಿಗಾದರೂ ತಲೆ ತಿರುಗುತ್ತದೆ. ಆದರೆ ಓದುವುದಕ್ಕೆ ಒಂದು ಕ್ರಮವಿದೆ. ಆ ಕ್ರಮ ಹಿಡಿದರೆ, ಅದೇ ಮ್ಯೂಸಿಯಂನ ಎಷ್ಟೋ ತೈಲಚಿತ್ರಗಳಿಗಿಂತ ಹೆಚ್ಚು ಮಾತನ್ನು ಈ ಅಗ್ಗದ ಹಾಳೆಗಳು ಆಡುತ್ತವೆ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ವಾಷಿಂಗ್ಟನ್ನನ ಮುಖದಿಂದ ಶುರುಮಾಡಬೇಡಿ. ಆ ಮುಖ ಬಹುಮಟ್ಟಿಗೆ ಗಿಲ್ಬರ್ಟ್ ಸ್ಟುವರ್ಟನದೋ ಎಡ್ವರ್ಡ್ ಸ್ಯಾವೇಜನದೋ ತೈಲಚಿತ್ರದಿಂದ ಎತ್ತಿಕೊಂಡದ್ದು. ಅದು ಹೇಗಿರಬೇಕೆಂಬುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಕೆಳಗೆ ಕುಳಿತು ಅಳುತ್ತಿರುವ ದೇಶದ ಬಗ್ಗೆ. ಸ್ವಾತಂತ್ರ್ಯ ಘೋಷಿಸಿ ಕಾಲು ಶತಮಾನವೂ ತುಂಬದ ಆ ದೇಶಕ್ಕೆ ತನ್ನ ರೂಪ ಯಾವುದು, ಉಡುಪು ಯಾವುದು, ಮೈಬಣ್ಣ ಯಾವುದು ಎಂಬುದು ಇನ್ನೂ ಗೊತ್ತಾಗಿರಲಿಲ್ಲ. ಚಿತ್ರದಲ್ಲಿ ನಾವು ಹುಡುಕಬೇಕಾದದ್ದು ಆ ತಡವರಿಕೆಯನ್ನು.

1. ಒಂದೇ ಚಿತ್ರ ಹಿಡಿಯಿರಿ, ದೊಡ್ಡ ಕಡತ ಇಳಿಸಿಕೊಳ್ಳಿ

ಅಭ್ಯಾಸಕ್ಕೆ ಜಾನ್ ಜೇಮ್ಸ್ ಬ್ಯಾರಲೆಟ್ ಎಂಬಾತನ ಚಿತ್ರ ಸಾಕು. ಡಬ್ಲಿನ್‌ನಲ್ಲಿ ಹುಟ್ಟಿ ಫಿಲಡೆಲ್ಫಿಯಾಕ್ಕೆ ವಲಸೆ ಬಂದ ಈತ 1800ರಿಂದ 1802ರ ನಡುವೆ ವಾಷಿಂಗ್ಟನ್ ಸಮಾಧಿಯಿಂದ ಮೇಲೇಳುವ ದೃಶ್ಯವನ್ನು ಕೆತ್ತಿದ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಸಂಗ್ರಹದಲ್ಲಿ ಇದರ ಪ್ರತಿಯಿದೆ. ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಚಿತ್ರಗಳನ್ನು ಆ ಸಂಸ್ಥೆ 2017ರಿಂದ ಯಾರು ಬೇಕಾದರೂ ಇಳಿಸಿಕೊಳ್ಳಲು ಬಿಟ್ಟಿದೆ. ವಾಷಿಂಗ್ಟನ್ ನಗರದ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲೂ ಈ ಕಾಲದ ಮುದ್ರಣಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಕಲಾವಿದನ ಹೆಸರಿನ ಜೊತೆಗೆ ವಾಷಿಂಗ್ಟನ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ ಹುಡುಕಿ. ಮೊಬೈಲ್ ಪರದೆ ಇದಕ್ಕೆ ಸಾಲದು. ಕಂಪ್ಯೂಟರಿನಲ್ಲಿ ತೆರೆದು, ಹಿಗ್ಗಿಸಿ ನೋಡಬೇಕು.

2. ಅಂಚಿನ ಸಣ್ಣ ಅಕ್ಷರಗಳು

ಚಿತ್ರ ಬಿಟ್ಟು ಅದರ ಕೆಳಗಿನ ಅಂಚಿಗೆ ಬನ್ನಿ. ಹೆಸರುಗಳ ಪಕ್ಕದಲ್ಲಿ ಚುಟುಕು ಲ್ಯಾಟಿನ್ ಪದಗಳಿರುತ್ತವೆ. ‘ಪಿಂಕ್ಸಿಟ್’ ಎಂದಿದ್ದರೆ ಬಣ್ಣದ ಮೂಲಚಿತ್ರ ಬರೆದವನು, ‘ಡೆಲಿನ್’ ಎಂದಿದ್ದರೆ ರೇಖಾಚಿತ್ರ ಮಾಡಿದವನು, ‘ಸ್ಕಲ್ಪ್’ ಎಂದಿದ್ದರೆ ತಗಡು ಕೆತ್ತಿದವನು. ‘ಎಕ್ಸ್‌ಕುಡಿಟ್’ ಎಂಬುದರ ಪಕ್ಕದಲ್ಲಿರುವವನು ಅಚ್ಚು ಹಾಕಿಸಿ ಹಂಚಿದವನು. ಮೂವರು ನಾಲ್ವರು ಸೇರಿ ಮಾಡಿದ ಕೆಲಸವನ್ನು ಒಬ್ಬನ ಹೆಸರಿನಲ್ಲಿ ಕರೆಯುವುದು ನಮ್ಮ ಅನುಕೂಲಕ್ಕೆ ಮಾತ್ರ.

ಹಕ್ಕಿನ ಸಾಲನ್ನೂ ಗಮನಿಸಿ. ಅಮೆರಿಕದ 1790ರ ಹಕ್ಕುಸ್ವಾಮ್ಯ ಕಾಯಿದೆ ಪುಸ್ತಕ, ನಕ್ಷೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕೆತ್ತನೆಯ ಚಿತ್ರಗಳು ಅದರೊಳಗೆ ಬಂದದ್ದು 1802ರ ತಿದ್ದುಪಡಿಯಲ್ಲಿ. ವಾಷಿಂಗ್ಟನ್ ಸತ್ತ ಹೊಸತರಲ್ಲಿ ಒಬ್ಬನ ಚಿತ್ರವನ್ನು ಇನ್ನೊಬ್ಬ ಎಗ್ಗಿಲ್ಲದೆ ನಕಲು ಮಾಡಿದ್ದು ಏಕೆಂದು ಇಲ್ಲಿ ತಿಳಿಯುತ್ತದೆ: ಕೇಳುವವರೇ ಇರಲಿಲ್ಲ.

3. ಚುಕ್ಕಿಯೋ ಗೆರೆಯೋ

ಈಗ ಯಾವುದಾದರೂ ಒಂದು ಕೆನ್ನೆಯನ್ನು ಹಿಗ್ಗಿಸಿ ನೋಡಿ. ಗೆರೆಗಳ ಬದಲು ಸಾವಿರಾರು ಸಣ್ಣ ಚುಕ್ಕಿಗಳು ಕಂಡರೆ ಅದು ಸ್ಟಿಪ್ಪಲ್ ಕೆತ್ತನೆ. ಚುಕ್ಕಿ ಒತ್ತಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು. ಮೃದುವಾದ ಚರ್ಮ, ಮೋಡ, ತೆಳುಬಟ್ಟೆಗಳಿಗೆ ಹೇಳಿ ಮಾಡಿಸಿದ ವಿಧಾನ. ಸ್ವರ್ಗಾರೋಹಣದ ಚಿತ್ರಗಳಲ್ಲಿ ಇರುವುದೂ ಹೆಚ್ಚಾಗಿ ಇವೇ. ಲಂಡನ್ನಿನಲ್ಲಿ ಫ್ರಾನ್ಸೆಸ್ಕೊ ಬಾರ್ತೊಲೊಝಿ ಇದಕ್ಕೆ ಹೆಸರಾಗಿದ್ದ. ಅವನ ಶಿಷ್ಯ ವೆಂಡ್ರಮಿನಿ, ಅದೇ 1799ರ ಮೇ ತಿಂಗಳಲ್ಲಿ ನಡೆದ ಶ್ರೀರಂಗಪಟ್ಟಣದ ಪತನವನ್ನು ಕುರಿತ ರಾಬರ್ಟ್ ಕೆರ್ ಪೋರ್ಟರನ ಭಾರಿ ಚಿತ್ರವನ್ನು 1802-03ರಲ್ಲಿ ಇದೇ ಚುಕ್ಕಿಯ ವಿಧಾನದಲ್ಲಿ ಕೆತ್ತಿದ. ಆ ಯುದ್ಧದ ಚಿತ್ರಗಳನ್ನು ನೋಡಿದ ಕಣ್ಣಿಗೆ ಫಿಲಡೆಲ್ಫಿಯಾದ ಹಾಳೆಗಳ ಕೈಚಳಕ ಅಪರಿಚಿತವೆನಿಸುವುದಿಲ್ಲ.

ಅಸಲಿ ಹಾಳೆ ಕೈಗೆ ಸಿಕ್ಕರೆ ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಗುರುತು ಇದೆಯೇ ಎಂದು ಬೆರಳಾಡಿಸದೆ, ಓರೆ ಬೆಳಕಿನಲ್ಲಿ ನೋಡಿ. ಕಲ್ಲಚ್ಚಿನಲ್ಲಿ (ಲಿಥೊಗ್ರಫಿ) ಅಂಥ ಗುರುತು ಇರುವುದಿಲ್ಲ. ಅಮೆರಿಕದಲ್ಲಿ ಕಲ್ಲಚ್ಚು ಶುರುವಾದದ್ದೇ 1819ರ ಹೊತ್ತಿಗೆ. ಹೀಗಾಗಿ ‘1800ರ ಮೂಲ ಕಲ್ಲಚ್ಚು’ ಎಂದು ಯಾರಾದರೂ ಮಾರಲು ಬಂದರೆ ನಮಸ್ಕಾರ ಹೇಳಿ ಕಳುಹಿಸಬಹುದು. ಭೂತಗನ್ನಡಿಯಲ್ಲಿ ಹೂವಿನೆಸಳಿನಂತೆ ಜೋಡಿಸಿದ ಬಣ್ಣದ ಚುಕ್ಕಿಗಳು ಸಾಲುಸಾಲಾಗಿ ಕಂಡರೆ ಅದು ಈಚಿನ ಆಫ್‌ಸೆಟ್ ಪ್ರತಿ.

4. ಸಮಾಧಿಯನ್ನು ಓದಿ, ನಂಬಬೇಡಿ

ಚೌಕ ಪೀಠ, ಅದರ ಮೇಲೆ ಅಸ್ಥಿಕುಂಭ ಅಥವಾ ಚೂಪುಗಂಬ, ಪಕ್ಕದಲ್ಲಿ ಕೊಂಬೆಗಳು ಜೋಲುಬಿದ್ದ ವಿಲೋ ಮರ. ಕುಂಭದ ಬೇರು ರೋಮಿನಲ್ಲಿದೆ; ಚೂಪುಗಂಬ ಈಜಿಪ್ಟಿನಿಂದ ರೋಮಿಗೆ ಬಂದದ್ದು. ಹೂತುಹೋಗಿದ್ದ ರೋಮನ್ ಪಟ್ಟಣಗಳಾದ ಹರ್ಕ್ಯುಲೇನಿಯಂನಲ್ಲಿ 1738ರಲ್ಲಿ, ಪಾಂಪೆಯಲ್ಲಿ 1748ರಲ್ಲಿ ಉತ್ಖನನ ಶುರುವಾದ ಮೇಲೆ ಯುರೋಪಿಗೆ ಹಿಡಿದ ಪ್ರಾಚೀನತೆಯ ಹುಚ್ಚು ಅಟ್ಲಾಂಟಿಕ್ ದಾಟಿ ಬಂದು, ರಾಜನಿಲ್ಲದ ಗಣರಾಜ್ಯಕ್ಕೆ ಒಪ್ಪುವ ಅಲಂಕಾರವಾಯಿತು. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಹಳೆಯ ಗೋರಿಕಲ್ಲುಗಳ ಮೇಲೆ ರೆಕ್ಕೆಯ ತಲೆಬುರುಡೆ ಇರುತ್ತಿತ್ತು. ಆಮೇಲೆ ದೇವದೂತನ ಮುಖ ಬಂತು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಕುಂಭ ಮತ್ತು ವಿಲೋ ಬಂದು ನೆಲೆಸಿದವು. ಸಾವು ಹೆದರಿಸುವ ಬದಲು ಕಣ್ಣೀರು ತರಿಸುವ ವಿಷಯವಾಯಿತು.

ಬ್ಯಾರಲೆಟ್‌ನ ಚಿತ್ರದಲ್ಲಿ ಸಮಾಧಿಯ ಮೇಲಿನ ಬರಹ ನೋಡಿ: ಸತ್ತ ದಿನ, ಅದರ ಪಕ್ಕದಲ್ಲಿ ವಯಸ್ಸು 68. ವಾಷಿಂಗ್ಟನ್ ಹುಟ್ಟಿದ್ದು 1732ರ ಫೆಬ್ರವರಿ 22ರಂದು, ತುಂಬಿದ್ದು 67. ನಡೆಯುತ್ತಿದ್ದ ವರ್ಷವನ್ನು ಎಣಿಸುವ ಲ್ಯಾಟಿನ್ ಸಮಾಧಿಲೇಖದ ಪದ್ಧತಿ ಅದು, ತಪ್ಪಲ್ಲ. ಸಮಾಧಿಗೆ ತೂಗುಬಿಟ್ಟ ಪದಕಗಳಲ್ಲಿ ಒಂದು ಹದ್ದಿನ ಆಕಾರದ್ದು. ಅದು ಕ್ರಾಂತಿಯುದ್ಧದ ಸೇನಾಧಿಕಾರಿಗಳು 1783ರಲ್ಲಿ ಕಟ್ಟಿಕೊಂಡ ಸಿನ್ಸಿನಾಟಿ ಸಂಘದ ಬಿಲ್ಲೆ. ಇನ್ನೊಂದು ಫ್ರೀಮೇಸನ್ ಎಂಬ ಗುಪ್ತ ಸೋದರಸಂಘದ ಚಿಹ್ನೆ. ವಾಷಿಂಗ್ಟನ್ ಎರಡರಲ್ಲೂ ಇದ್ದ. ಈ ಬಿಲ್ಲೆಗಳಿಂದ ಚಿತ್ರ ಕೊಳ್ಳುವ ಗಿರಾಕಿಗಳೂ ಹೆಚ್ಚುತ್ತಿದ್ದರು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಕೆತ್ತಿದ ಈ ಅಮೃತಶಿಲೆಯ ಸಮಾಧಿ ಎಲ್ಲೂ ಇರಲಿಲ್ಲ. ದೇಹವನ್ನು ರಾಜಧಾನಿಯ ಕ್ಯಾಪಿಟಲ್ ಕಟ್ಟಡದಲ್ಲಿ ಹೂಳಿ, ಮೇಲೆ ಸ್ಮಾರಕ ಕಟ್ಟಬೇಕೆಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1799ರ ಡಿಸೆಂಬರಿನಲ್ಲೇ ನಿರ್ಣಯ ಮಾಡಿತು. ಹೆಂಡತಿ ಮಾರ್ಥಾ ಒಪ್ಪಿದಳು. ಕೆಲಸ ಮಾತ್ರ ಆಗಲಿಲ್ಲ. ದೇಹ ಮೌಂಟ್ ವರ್ನನ್‌ನ ಮನೆತನದ ಸಾಧಾರಣ ನೆಲಮಾಳಿಗೆಯಲ್ಲೇ ಉಳಿಯಿತು. ಗಣರಾಜ್ಯಕ್ಕೆ ಅಷ್ಟು ದೊಡ್ಡ ಗೋರಿ ಸಲ್ಲುತ್ತದೆಯೇ, ಅದು ರಾಜರ ಚಾಳಿಯಲ್ಲವೇ ಎಂಬ ಜಗಳವೂ ನಡೆಯಿತು. ಸರ್ಕಾರ ಕಟ್ಟದ ಸಮಾಧಿಯನ್ನು ಅಚ್ಚಿನವರು ಕಾಗದದ ಮೇಲೆ ಕಟ್ಟಿ ಮನೆಮನೆಗೆ ಕಳುಹಿಸಿದರು.

5. ಅಳುವವರನ್ನು ಎಣಿಸಿ

ಇದು ಮುಖ್ಯವಾದ ಹೆಜ್ಜೆ. ಇಲ್ಲಿ ಆತುರ ಬೇಡ. ರೂಪಕವ್ಯಕ್ತಿಗಳನ್ನು ಗುರುತಿಸುವುದು ನಮಗೆ ಕಷ್ಟವಾಗಬಾರದು: ಶಂಖಚಕ್ರ ಕಂಡರೆ ವಿಷ್ಣು, ನವಿಲು ಕಂಡರೆ ಸುಬ್ರಹ್ಮಣ್ಯ ಎಂದು ಹೇಳುವ ಕಣ್ಣೇ ಇಲ್ಲೂ ಸಾಕು. ಕೋಲಿನ ತುದಿಯಲ್ಲಿ ಟೊಪ್ಪಿಗೆ ಇದ್ದರೆ ಸ್ವಾತಂತ್ರ್ಯ, ಏಕೆಂದರೆ ರೋಮಿನಲ್ಲಿ ಬಿಡುಗಡೆಯಾದ ಗುಲಾಮನಿಗೆ ಅಂಥ ಟೊಪ್ಪಿಗೆ ತೊಡಿಸುತ್ತಿದ್ದರು. ಕುಡುಗೋಲು ಹಿಡಿದ ರೆಕ್ಕೆಯ ಮುದುಕ ಕಾಲಪುರುಷ. ಶಿರಸ್ತ್ರಾಣ ಮತ್ತು ಈಟಿ ಇದ್ದರೆ ರೋಮಿನ ಜ್ಞಾನದೇವತೆ ಮಿನರ್ವಾ. ತುತ್ತೂರಿ ಊದುವವಳು ಕೀರ್ತಿ. ಎದೆಯ ಮೇಲೆ ಪಟ್ಟೆಪಟ್ಟೆಯ ಗುರಾಣಿ ಹೊತ್ತ ಬೋಳುಹದ್ದು 1782ರ ಜೂನ್ 20ರಂದು ಒಪ್ಪಿಕೊಂಡ ರಾಷ್ಟ್ರಮುದ್ರೆಯಿಂದ ಹಾರಿಬಂದದ್ದು. ನಕ್ಷತ್ರಗಳು 13 ಇದ್ದರೆ ಮೂಲ ವಸಾಹತುಗಳ ನೆನಪು. 16 ಇದ್ದರೆ 1796ರಿಂದ 1803ರವರೆಗೆ ಇದ್ದ ರಾಜ್ಯಗಳ ಲೆಕ್ಕ. ಆದರೆ ಕೆತ್ತನೆಗಾರರು ಜಾಗಕ್ಕೆ ತಕ್ಕಂತೆ ನಕ್ಷತ್ರ ಹಾಕುವುದೂ ಇತ್ತು. ಎಣಿಕೆಯೊಂದನ್ನೇ ನೆಚ್ಚಿ ಕಾಲ ಹೇಳಬೇಡಿ.

ಕಷ್ಟವಿರುವುದು ‘ಅಮೆರಿಕ’ಳನ್ನು ಗುರುತಿಸುವುದರಲ್ಲಿ. ಯುರೋಪಿನ ಚಿತ್ರಕಾರರ ಕೈಪಿಡಿಯಾಗಿದ್ದ ಚೆಸಾರೆ ರೀಪಾನ ಗ್ರಂಥದ 1603ರ ಆವೃತ್ತಿಯಲ್ಲಿ ಅಮೆರಿಕ ಖಂಡವೆಂದರೆ ಗರಿಯ ಕಿರೀಟ ತೊಟ್ಟ, ಬಿಲ್ಲುಬಾಣ ಹಿಡಿದ ಬತ್ತಲೆ ಹೆಂಗಸು. ಕಾಲಬುಡದಲ್ಲಿ ಬಾಣ ನಾಟಿದ ರುಂಡ, ಪಕ್ಕದಲ್ಲಿ ಹಲ್ಲಿಯಂಥ ಪ್ರಾಣಿ. ಎರಡು ಶತಮಾನ ಕಾಲ ನಕ್ಷೆಗಳ ಮೂಲೆಯಲ್ಲಿ, ಪಿಂಗಾಣಿ ಬೊಂಬೆಗಳಲ್ಲಿ, ಲಂಡನ್ನಿನ ರಾಜಕೀಯ ವ್ಯಂಗ್ಯಚಿತ್ರಗಳಲ್ಲಿ ಈಕೆಯೇ ಅಮೆರಿಕ. ಸ್ವಾತಂತ್ರ್ಯ ಬಂದ ಮೇಲೆ ಬಿಳಿಯ ವಸಾಹತುಗಾರರಿಗೆ ಇದು ಇಕ್ಕಟ್ಟು ತಂದಿತು. ತಾವು ಯಾರ ನೆಲ ಕಸಿಯುತ್ತಿದ್ದರೋ ಅವರದೇ ರೂಪವನ್ನು ತಮ್ಮ ದೇಶದ ರೂಪವೆಂದು ಎಷ್ಟು ದಿನ ಇಟ್ಟುಕೊಳ್ಳುವುದು?

ಎಡ್ವರ್ಡ್ ಸ್ಯಾವೇಜ್ 1796ರಲ್ಲಿ ಫಿಲಡೆಲ್ಫಿಯಾದಲ್ಲಿ ಹೊರತಂದ ಸ್ವಾತಂತ್ರ್ಯದೇವಿಯ ಚಿತ್ರವನ್ನು ಇಲ್ಲಿ ಪಕ್ಕಕ್ಕೆ ತೆರೆದಿಟ್ಟುಕೊಳ್ಳಿ. ಬಿಳಿಬಟ್ಟೆಯ ಹುಡುಗಿ ಬೋಳುಹದ್ದಿಗೆ ಬಟ್ಟಲಿನಿಂದ ಕುಡಿಸುತ್ತಿದ್ದಾಳೆ. ಕಾಲಡಿಯಲ್ಲಿ ಪ್ಯಾರಿಸಿನ ಬ್ಯಾಸ್ಟೀಲ್ ಸೆರೆಮನೆಯ ಕೀಲಿಕೈ, ರಾಜಶಾಹಿಯ ಚಿಹ್ನೆಗಳು. ದೂರದಲ್ಲಿ ಬಾಸ್ಟನ್ ಬಂದರು. ಆಕೆ ಮೂಲತಃ ಗ್ರೀಕ್ ಪುರಾಣದ ಹೀಬಿ, ದೇವತೆಗಳಿಗೆ ಪಾನೀಯ ಕೊಡುವವಳು, ಹದ್ದು ದೇವರಾಜ ಜ್ಯೂಪಿಟರನದು. ಹದ್ದಿನ ತಲೆಗೆ ಬಿಳಿ ಬಣ್ಣ ಬಂದದ್ದೇ ತಡ, ಪುರಾಣ ರಾಷ್ಟ್ರೀಯವಾಯಿತು. ಹೀಗೆ ಗರಿಯ ಹೆಂಗಸನ್ನು ನಿಧಾನವಾಗಿ ಬದಿಗೆ ಸರಿಸಿ, ಬಿಳಿಯ ಗ್ರೀಕ್ ಕನ್ಯೆಯೊಬ್ಬಳನ್ನು ಅವಳ ಜಾಗಕ್ಕೆ ತಂದರು. ಕೆಲವು ಚಿತ್ರಗಳಲ್ಲಿ ಕನ್ಯೆಯ ಮುಡಿಯಲ್ಲಿ ಒಂದೆರಡು ಗರಿ ಉಳಿದಿರುತ್ತವೆ. ಕಂಡರೆ ಬಿಡಬೇಡಿ, ಬದಲಾವಣೆ ಅರ್ಧ ದಾರಿಯಲ್ಲಿದೆ ಎಂದು ಅರ್ಥ.

ಬ್ಯಾರಲೆಟ್‌ನ ಚಿತ್ರದಲ್ಲಿ ಈ ಒಡಕು ಕಣ್ಣಿಗೆ ಹೊಡೆಯುವಂತಿದೆ. ಚಂದಾದಾರರನ್ನು ಹುಡುಕಲು ಪ್ರಕಾಶಕ ಸಿಮೊನ್ ಷೋದ್ರೊಂ ಪತ್ರಿಕೆಗೆ ಕೊಟ್ಟ ಜಾಹೀರಾತು ಉಳಿದಿದೆ. ಪಾತ್ರಗಳನ್ನು ಅದೇ ಪರಿಚಯಿಸುತ್ತದೆ. ವೀರನ ಕವಚದ ಮೇಲೆ ಅಳುತ್ತ, ಟೊಪ್ಪಿಗೆಯ ಕೋಲು ಹಿಡಿದವಳು ಅಮೆರಿಕ. ಎದುರು ಬದಿಯಲ್ಲಿ, ಸಿಡುಕು ತುಂಬಿದ ದುಃಖದಲ್ಲಿ ಮುದುಡಿ ಕುಳಿತ ಒಬ್ಬ ಇಂಡಿಯನ್, ಎಂದರೆ ಅಮೆರಿಕದ ಮೂಲನಿವಾಸಿ. ಹಿಂದೆ ಶ್ರದ್ಧೆ, ಭರವಸೆ, ದಯೆ ಎಂಬ ಮೂರು ಸದ್ಗುಣಗಳು. ಮೊದಲು ಒಂದೇ ಆಗಿದ್ದ ಮೈ ಇಲ್ಲಿ ಎರಡಾಗಿದೆ. ದೇಶದ ಹೆಸರು ಬಿಳಿಯಳಿಗೆ ಹೋಯಿತು; ಮೂಲನಿವಾಸಿಗೆ ಉಳಿದದ್ದು ಮೂಲೆ ಮತ್ತು ಸಿಡುಕು.

ಆ ಸಿಡುಕಿಗೆ ಕಾರಣವಿತ್ತು. 1779ರಲ್ಲಿ ವಾಷಿಂಗ್ಟನ್ನನ ಆಜ್ಞೆಯ ಮೇರೆಗೆ ಜನರಲ್ ಸಲಿವನ್ ಸೇನೆ ಇರಾಕ್ವಾ ಎಂಬ ಮೂಲನಿವಾಸಿಗಳ ಒಕ್ಕೂಟದ 40ಕ್ಕೂ ಹೆಚ್ಚು ಹಳ್ಳಿಗಳನ್ನು ಸುಟ್ಟು, ನಿಂತ ಬೆಳೆಯನ್ನು ನಾಶಮಾಡಿತ್ತು. ಅದೇ ಒಕ್ಕೂಟದ ಸೆನೆಕಾ ಜನರ ಮುಖಂಡ ಕಾರ್ನ್‌ಪ್ಲಾಂಟರ್ 1790ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ವಾಷಿಂಗ್ಟನ್ನನ ಮುಂದೆಯೇ ಹೇಳಿದ್ದ: ನಾವು ನಿಮ್ಮನ್ನು ಊರು ಹಾಳುಮಾಡುವವ ಎಂದು ಕರೆಯುತ್ತೇವೆ, ಆ ಹೆಸರು ಕಿವಿಗೆ ಬಿದ್ದರೆ ಈಗಲೂ ನಮ್ಮ ಹೆಂಗಸರು ಬೆಚ್ಚಿ ಹಿಂದೆ ನೋಡುತ್ತಾರೆ, ಮಕ್ಕಳು ತಾಯಂದಿರ ಕೊರಳಿಗೆ ಜೋತುಬೀಳುತ್ತವೆ ಎಂದು. ಅದಾಗಿ ಹತ್ತೇ ವರ್ಷಕ್ಕೆ ಅದೇ ಊರಿನ ಅಚ್ಚಿನವರು ಮೂಲನಿವಾಸಿಯನ್ನು ಆತನ ಗೋರಿಯ ಬುಡದಲ್ಲಿ ಶೋಕಿಸಲು ಕೂರಿಸಿದರು. ಈ ಚಿತ್ರಪ್ರಕಾರದ ಅತ್ಯಂತ ಕಟುವಾದ ಸುಳ್ಳು ಇದು ಎಂದು ನನ್ನ ಅಭಿಪ್ರಾಯ.

6. ಇಲ್ಲದವರು

ಇದ್ದವರ ಪಟ್ಟಿಯಾದ ಮೇಲೆ ಇಲ್ಲದವರ ಪಟ್ಟಿ ಮಾಡಿ. 1799ರಲ್ಲಿ ಮೌಂಟ್ ವರ್ನನ್‌ನಲ್ಲಿ 317 ಮಂದಿ ಗುಲಾಮರಿದ್ದರು; ಅವರಲ್ಲಿ 123 ಮಂದಿ ವಾಷಿಂಗ್ಟನ್ನನ ಸ್ವಂತ ಹೆಸರಿನಲ್ಲಿದ್ದವರು. ತನ್ನವರಿಗೆ ಹೆಂಡತಿಯ ಕಾಲಾನಂತರ ಬಿಡುಗಡೆ ಕೊಡಬೇಕೆಂದು ಉಯಿಲಿನಲ್ಲಿ ಬರೆದಿದ್ದ. ಮಾರ್ಥಾ ಅದಕ್ಕೂ ಮೊದಲೇ, 1801ರ ಜನವರಿ 1ರಂದು ಬಿಡುಗಡೆ ಕೊಟ್ಟಳು. ಬ್ಯಾರಲೆಟ್‌ನ ಹಾಳೆಯಲ್ಲಿ ಈ ಜನರ ಸುಳಿವಿಲ್ಲ. ಬಿಡುಗಡೆಯ ಟೊಪ್ಪಿಗೆ ಇದೆ, ಬಿಡುಗಡೆಗೆ ಕಾದಿದ್ದವರು ಇಲ್ಲ.

ಹಾಗೆ ಬರೆಯಲು ಆ ಕಾಲದಲ್ಲಿ ಸಾಧ್ಯವೇ ಇರಲಿಲ್ಲ ಎನ್ನುವವರಿಗೆ ಸ್ಯಾಮ್ಯುಯೆಲ್ ಜೆನ್ನಿಂಗ್ಸ್ 1792ರಲ್ಲಿ ಫಿಲಡೆಲ್ಫಿಯಾದ ಲೈಬ್ರರಿ ಕಂಪನಿ ಎಂಬ ಗ್ರಂಥಾಲಯಕ್ಕಾಗಿ ಬರೆದ ತೈಲಚಿತ್ರ ತೋರಿಸಿ. ಅದರಲ್ಲಿ ಸ್ವಾತಂತ್ರ್ಯದೇವಿ ಬಿಡುಗಡೆ ಹೊಂದಿದ ಕಪ್ಪು ಜನರ ಕಡೆಗೆ ಪುಸ್ತಕ ಚಾಚುತ್ತಾಳೆ, ಕಾಲಬುಡದಲ್ಲಿ ಮುರಿದ ಸರಪಳಿ ಬಿದ್ದಿದೆ. ಬರೆಸಿದ ಸಂಸ್ಥೆಯವರೇ ಹಾಗೆ ಕೇಳಿದ್ದರು. ಸಾಧ್ಯವಿತ್ತು, ರಾಷ್ಟ್ರಪಿತನ ಸಮಾಧಿಯ ಪಕ್ಕದಲ್ಲಿ ಯಾರಿಗೂ ಬೇಕಾಗಿರಲಿಲ್ಲ.

7. ಮೇಲೆ ನೋಡಿ

ಈಗ ವಾಷಿಂಗ್ಟನ್ನನ ಸರದಿ. ಬ್ಯಾರಲೆಟ್‌ನಲ್ಲಿ ಬಿಳಿಬಟ್ಟೆ ಸುತ್ತಿಕೊಂಡು, ಕೈಗಳನ್ನು ಚಾಚಿ, ಮೇಲಿನಿಂದ ಬೀಳುವ ಬೆಳಕಿನಲ್ಲಿ ಏಳುತ್ತಾನೆ. ಭಂಗಿ ಕ್ರಿಸ್ತನ ಪುನರುತ್ಥಾನದ್ದು, ಮಾತೆ ಮೇರಿಯ ಸ್ವರ್ಗಾರೋಹಣದ್ದು. ಬಹುಪಾಲು ಪ್ರಾಟೆಸ್ಟೆಂಟರಿದ್ದ, ಸಂತರ ಚಿತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಸಮಾಜ ಇದನ್ನು ಗೋಡೆಗೆ ಹಾಕಿಕೊಂಡಿತು! ರೆಂಬ್ರಾಂಟ್ ಪೀಲ್ ಬರೆದು ಡೇವಿಡ್ ಎಡ್ವಿನ್ 1800ರಲ್ಲಿ ಕೆತ್ತಿದ ಚಿತ್ರದಲ್ಲಿ ಬೇರೆ ದಾರಿ: ವಾಷಿಂಗ್ಟನ್ ಮೌಂಟ್ ವರ್ನನ್‌ನ ಮೇಲಿನ ಮೋಡದಲ್ಲಿ ಕುಳಿತಿದ್ದಾನೆ, ಪುಟ್ಟ ಪ್ರೇಮದೇವತೆ ಕ್ಯುಪಿಡ್ ಎಲೆಹಾರ ಹಿಡಿದಿದ್ದಾನೆ, ಎದುರುಗೊಳ್ಳಲು ವಾರನ್ ಮತ್ತು ಮಾಂಟ್ಗೊಮರಿ ಬಂದಿದ್ದಾರೆ. ಇಬ್ಬರೂ 1775ರಲ್ಲಿ ಯುದ್ಧದಲ್ಲಿ ಸತ್ತ ಸೇನಾನಿಗಳು. ಅಂದರೆ ಸ್ವರ್ಗದಲ್ಲಿ ದೇವರಿಗಿಂತ ಮೊದಲು ಸಹೋದ್ಯೋಗಿಗಳು ಸಿಗುತ್ತಾರೆ. ಇಬ್ಬರಲ್ಲಿ ಪೀಲ್ ನನಗೆ ಹೆಚ್ಚು ಪ್ರಾಮಾಣಿಕ ಎನಿಸುತ್ತಾನೆ, ಬ್ಯಾರಲೆಟ್ ಹೆಚ್ಚು ಮಜವಾಗಿ ಕಾಣುತ್ತಾನೆ.

8. ಚಿತ್ರ ಕಾಗದ ಬಿಟ್ಟು ಎಲ್ಲಿಗೆ ಹೋಯಿತು

ಕೊನೆಗೆ, ನಿಮ್ಮ ಚಿತ್ರದ ನಕಲುಗಳನ್ನು ಹುಡುಕಿ. ಶಾಲೆಯ ಹುಡುಗಿಯರು ಇಂಥ ಸಮಾಧಿಗಳನ್ನು ರೇಷ್ಮೆಯ ಮೇಲೆ ರೇಷ್ಮೆ ನೂಲಿನಿಂದ ಕಸೂತಿ ಹಾಕಿದರು. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಫಾಲ್ವೆಲ್ ಅವರಿಗೆ ನಕ್ಷೆ ಬರೆದುಕೊಡುತ್ತಿದ್ದ, ಮುಖ ಕೈಗಳನ್ನು ಬಣ್ಣದಲ್ಲೇ ಬರೆಯುತ್ತಿದ್ದರು. ವಾಷಿಂಗ್ಟನ್ನನ ಹೆಸರಿದ್ದ ಕಲ್ಲಿನ ಮೇಲೆ ಅಪ್ಪನದೋ ತಮ್ಮನದೋ ಹೆಸರು ಬಂದದ್ದೂ ಉಂಟು. 1840ರ ದಶಕದ ಹೊತ್ತಿಗೆ ನೆಥಾನಿಯಲ್ ಕರಿಯರ್ ಕಲ್ಲಚ್ಚಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟ ಸಮಾಧಿಗಳನ್ನೇ ಮಾರುತ್ತಿದ್ದ. ಕೊಂಡವರು ತಮ್ಮವರ ಹೆಸರು ತುಂಬಿಕೊಳ್ಳಬೇಕು. ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ‘ವಾಷಿಂಗ್ಟನ್ ವೈಭವದಲ್ಲಿ, ಅಮೆರಿಕ ಕಣ್ಣೀರಿನಲ್ಲಿ’ ಎಂಬ ಅರ್ಥದ ಬರಹವುಳ್ಳ ಹೂಜಿಗಳು ಹಡಗು ಹತ್ತಿ ಬಂದವು. ಸೋತ ದೇಶ ಗೆದ್ದವರ ಶೋಕವನ್ನು ಅವರಿಗೇ ಮಾರಿತು. ಚೀನಾದ ಕ್ಯಾಂಟನ್ನಿನಲ್ಲಿ ಬ್ಯಾರಲೆಟ್‌ನ ಚಿತ್ರವನ್ನು ಗಾಜಿನ ಹಿಂಬದಿಗೆ ಬರೆದು ಕಳುಹಿಸಿದರು. ಅದೇ ಕ್ಯಾಂಟನ್ನಿನಿಂದ ತನ್ನ ವಾಷಿಂಗ್ಟನ್ ಚಿತ್ರದ ನಕಲು ತರಿಸಿ ಮಾರುತ್ತಿದ್ದ ವ್ಯಾಪಾರಿಯ ಮೇಲೆ ಗಿಲ್ಬರ್ಟ್ ಸ್ಟುವರ್ಟ್ 1802ರಲ್ಲಿ ಫಿಲಡೆಲ್ಫಿಯಾದಲ್ಲಿ ದಾವೆ ಹೂಡಿ ಗೆದ್ದ.

1865ರ ಏಪ್ರಿಲಿನಲ್ಲಿ ಲಿಂಕನ್ ಕೊಲೆಯಾದಾಗ ಫಿಲಡೆಲ್ಫಿಯಾದ ವಿಲಿಯಂ ಸ್ಮಿತ್ ಎಂಬ ಪ್ರಕಾಶಕ ಹೊಸ ಚಿತ್ರ ಬರೆಸಲು ಹೋಗಲಿಲ್ಲ. ಡಿ.ಟಿ. ವೀಸ್ಟ್ ಎಂಬಾತ ಬ್ಯಾರಲೆಟ್‌ನ ಸಂಯೋಜನೆಯನ್ನೇ ಕಲ್ಲಚ್ಚಿಗೆ ಇಳಿಸಿ, ವಾಷಿಂಗ್ಟನ್ನನ ಮೈಗೆ ಲಿಂಕನ್ನನ ಗಡ್ಡದ ತಲೆಯನ್ನು ಕೂರಿಸಿದ. ಅದೂ ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹದಲ್ಲಿ ಸಿಗುತ್ತದೆ. ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಕೆಳಗಿನ ಅಂಚಿನಿಂದ ಶುರುಮಾಡಿ, ಇದೇ ಹೆಜ್ಜೆಗಳಲ್ಲಿ ಮತ್ತೊಮ್ಮೆ ಓದಿ. ಬದಲಾದದ್ದನ್ನು ಒಂದು ಬಣ್ಣದಲ್ಲಿ, ಬದಲಾಗದೆ ಉಳಿದದ್ದನ್ನು ಇನ್ನೊಂದು ಬಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಗುಲಾಮಗಿರಿಯನ್ನು ಕೊನೆಗಾಣಿಸಿದ ಅಧ್ಯಕ್ಷನ ಸಮಾಧಿಯ ಬುಡದಲ್ಲಿ ಯಾರು ಯಾರು ಕುಳಿತಿದ್ದಾರೆ ಎಂದು ನೋಡುವಾಗ ಆರನೆಯ ಹೆಜ್ಜೆಯನ್ನು ಮಾತ್ರ ತಪ್ಪಿಸಬೇಡಿ.